ವೆಲ್ಡಿಂಗ್ ಟೆಸ್ಟಿಗೆ 3ಜಿ-4ಜಿ ಪ್ಲೇಟ್ ಮೊದಲಾ, ನೇರ 6ಜಿ ಪೈಪಾ? ಮಾಡಿದೋರು ಹೇಳಿ

ತುರುವೇಕೆರೆ ಅಕ್ಕ:
ನನ್ನ ತಮ್ಮ ಐಟಿಐಲಿ ವೆಲ್ಡರ್ ಟ್ರೇಡ್ ಮುಗಿಸಿ ಗೇಟು-ಗ್ರಿಲ್ ಅಂಗಡಿಯಲ್ಲಿದ್ದಾನೆ. ತುಮಕೂರಿನ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಕೇಳಿದ್ರೆ "ಯಾವ ಪೊಸಿಷನ್ ಪಾಸಾಗಿದ್ದೀಯ" ಅಂತಾರೆ. ಒಬ್ಬರು 3ಜಿ (ನಿಲ್ಲಿಸಿದ ಪ್ಲೇಟು), 4ಜಿ (ತಲೆ ಮೇಲಿನ ಪ್ಲೇಟು) ಮಾಡಿಸಿ ಅಂದ್ರು, ಇನ್ನೊಬ್ಬರು ನೇರ 6ಜಿ ಪೈಪ್ ಕೋರ್ಸಿಗೆ ದುಡ್ಡು ಕಟ್ಟಿ ಅಂದ್ರು. ಕಟ್ಟೋಕೆ ದುಡ್ಡು ಒಂದೇ ಸಲಕ್ಕೆ ಆಗೋದು. ಅವನು ಎಡಗೈಯವನು, ಕನ್ನಡಕಾನೂ ಇದೆ. ಯಾವುದಕ್ಕೆ ಹಾಕಲಿ?

ಮಾಲೂರು ಪೈಪ್‌ಲೈನ್:
ಅಕ್ಕ, ಕಣ್ಣು ಮುಚ್ಕೊಂಡು 6ಜಿ ಮಾಡಿಸಿ. ಪೈಪು 45 ಡಿಗ್ರಿ ಓರೆ, ತಿರುಗಿಸೋ ಹಾಗಿಲ್ಲ. ಅದು ಪಾಸಾದ್ರೆ ಫ್ಲಾಟು, ಹಾರಿಜಾಂಟಲ್ಲು, ವರ್ಟಿಕಲ್ಲು, ಓವರ್‌ಹೆಡ್ಡು ನಾಲ್ಕೂ ಸೇರ್ಕೊಳುತ್ತೆ, ಫಿಲೆಟ್ಟೂ (ಮೂಲೆಗೆ ಹಾಕೋ ವೆಲ್ಡು) ಅದರಲ್ಲೇ ಬರುತ್ತೆ. ಪ್ಲೇಟ್ ಮಾಡಿ ಆಮೇಲೆ ಪೈಪಿಗೆ ಬಂದೋರು ಎರಡು ಸಲ ದುಡ್ಡು ಕಟ್ಟಿದಾರೆ. ನಾನು ಪೈಪಿಗೇ ಹಾಕಿದ್ದು, ಇವತ್ತಿಗೂ ಅದರದ್ದೇ ಅನ್ನ.

ಖರ್ಚು ಲೆಕ್ಕ ಹಾಕ್ಕೊಳ್ಳಿ. 6 ಇಂಚು ಶೆಡ್ಯೂಲ್ 80 (ಗೋಡೆ ದಪ್ಪದ ನಂಬರು) ಪೈಪು ಮೀಟರಿಗೆ ಸುಮಾರು 42.5 ಕೆಜಿ. ಒಂದು ಕೂಪನ್ನಿಗೆ (ಟೆಸ್ಟ್ ಪೀಸು) 150 ಮಿಮೀದು ಎರಡು ತುಂಡು, ಅಂದ್ರೆ ಹತ್ತಿರ ಹತ್ತಿರ 13 ಕೆಜಿ ಉಕ್ಕು. ಸೀಮ್‌ಲೆಸ್ ದರ ಅಂಗಡೀಲಿ ಕೇಳಿ ಗುಣಿಸಿ. ಕತ್ತರಿಸಿ ಮತ್ತೆ ಬೆವೆಲ್ (ಅಂಚಿನ ಓರೆ) ಹೊಡೆದ್ರೆ ಅದೇ ತುಂಡು ನಾಲ್ಕೈದು ಸಲ ಬರುತ್ತೆ, ಪ್ರತಿ ಸಲ ಒಂದೊಂದು ಕಡೆ 10-15 ಮಿಮೀ ಹೋಗುತ್ತೆ. ಆರ್ಗಾನ್ ದೊಡ್ಡ ಸಿಲಿಂಡರು 7 ಕ್ಯೂಬಿಕ್ ಮೀಟರು. ನಿಮಿಷಕ್ಕೆ 10 ಲೀಟರ್ ಬಿಟ್ರೆ 700 ನಿಮಿಷ. ರೆಗ್ಯುಲೇಟರ್ ನಟ್ಟಿಗೆ ಸೋಪ್ ನೀರು ಹಚ್ಚಿ ನೋಡದೆ ರಾತ್ರಿ ವಾಲ್ವ್ ತೆರೆದು ಬಿಟ್ರೆ ಬೆಳಗ್ಗೆಗೆ ಅರ್ಧ ಸಿಲಿಂಡರ್ ಹೋಗಿರುತ್ತೆ.

ರೂಟ್ ಅಂದ್ರೆ ತಳದ ಮೊದಲ ಬೀಡು (ವೆಲ್ಡ್ ಸಾಲು), ಅದು ಟಿಗ್ಗಲ್ಲಿ (ಆರ್ಗಾನ್ ಗ್ಯಾಸಿನ ವೆಲ್ಡಿಂಗ್), ಮೇಲಿನ ಫಿಲ್ಲಿಂಗ್ ರಾಡಲ್ಲಿ. ರೂಟಿಗೆ ಬೆವೆಲ್ ಒಂದೊಂದು ಕಡೆ 37.5 ಡಿಗ್ರಿ, ಫೇಸ್ (ಬೆವೆಲ್ ತುದಿಯ ಚಪ್ಪಟೆ ಅಂಚು) 1 ಮಿಮೀ, ಗ್ಯಾಪ್ 3, ಫಿಲ್ಲರ್ 2.4ರ ಇಆರ್70ಎಸ್-2, 90ರಿಂದ 105 ಆಂಪ್ಸ್, ಟಾರ್ಚು ನೆಗೆಟಿವ್. ಟ್ಯಾಕ್ (ಹಿಡಿಸೋ ಚುಕ್ಕೆ ವೆಲ್ಡು) 6 ಗಂಟೆ ಜಾಗದಲ್ಲಿ, ಅಂದ್ರೆ ಗಡಿಯಾರದ ಲೆಕ್ಕದಲ್ಲಿ ಪೈಪಿನ ತಳದಲ್ಲಿ, ಹಾಕಬೇಡಿ, ಎರಡೂ ತುದಿ ಗ್ರೈಂಡ್ ಮಾಡಿ ತೆಳು ಮಾಡಿ. 6 ಗಂಟೇಲಿ ರೂಟ್ ಒಳಗಿಂದ ಗುಂಡಿ ಬೀಳುತ್ತೆ, ಯಾಕಂದ್ರೆ ಕರಗಿದ್ದು ಕೆಳಗೆ ಜೋತು ಬೀಳುತ್ತೆ. ಅಲ್ಲಿ ಫಿಲ್ಲರನ್ನ ಗ್ಯಾಪಿನ ಒಳಕ್ಕೆ ತಳ್ಳಿ ಕೊಡಬೇಕು. ಕ್ಯಾಪಿಂಗಲ್ಲಿ (ಕೊನೆಯ ಮೇಲ್ಪದರ) ಪೈಪು ಓರೆ ಇದ್ರೂ ಬೀಡ್ ನೆಲಕ್ಕೆ ಸಮವಾಗೇ ಇರಬೇಕು, ಮೇಲಿನ ಬೆವೆಲ್ ಹತ್ರ ಒಂದು ಕ್ಷಣ ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ಮೇಲೆ ಅಂಡರ್‌ಕಟ್ (ಅಂಚು ಕೊರೆದ ತಗ್ಗು), ಕೆಳಗೆ ತುಟಿ ಇಳಿಬಿದ್ದಿರುತ್ತೆ.

ಹಿರೇಹಳ್ಳಿ ಸ್ಟ್ರಕ್ಚರ್:
ಗ್ರಿಲ್ ಅಂಗಡಿ ಹುಡುಗನ ಕೈಗೆ ಮೊದಲ ದಿನಾನೇ ಟಿಗ್ ಟಾರ್ಚ್ ಕೊಡೋದಾ? ಕೋರ್ಸ್ ನಡೆಸೋರಿಗೆ ಅದೇ ಬೇಕಾಗಿರೋದು. ತುಮಕೂರು ಸುತ್ತ ಹೇಳಿ, ಅಂತರಸನಹಳ್ಳಿ ಇರಲಿ ಹಿರೇಹಳ್ಳಿ ಇರಲಿ: ಶೆಡ್ಡು, ಕಾಲಮ್ಮು, ಗರ್ಡರು, ಟ್ಯಾಂಕು. ಎಲ್ಲ ಪ್ಲೇಟೇ. 3ಜಿ ಪ್ಲಸ್ 4ಜಿ ಮಾಡ್ಸಿ, ಬೆಳಗ್ಗೆ ಕೆಲಸ ಸಿಗುತ್ತೆ.

ಆದ್ರೆ ಪ್ಲೇಟ್ ದಪ್ಪ ನೋಡಿ ಹಾಕಿ. ಪ್ರತಿ ಸಲ ಜನ ಕೆಡೋದು ಇಲ್ಲೇ. ಎಎಸ್‌ಎಂಇ ಸೆಕ್ಷನ್ 9ರಲ್ಲಿ (ವೆಲ್ಡರ್ ಟೆಸ್ಟಿನ ನಿಯಮ) ಹಾಕಿದ ವೆಲ್ಡ್ ದಪ್ಪದ ಎರಡರಷ್ಟಕ್ಕೆ ಮಾತ್ರ ಅರ್ಹತೆ. 10 ಮಿಮೀ ಪ್ಲೇಟಲ್ಲಿ ಪಾಸಾದ್ರೆ 20ರ ತನಕ, 12ರಲ್ಲಿ 24. ಅದೇ 13 ಮಿಮೀ ಅಥವಾ ಹೆಚ್ಚು, ಕನಿಷ್ಠ ಮೂರು ಲೇಯರು ಇದ್ರೆ ಮೇಲ್ಮಿತಿಯೇ ಇಲ್ಲ. 12ರದ್ದು ತಗೊಂಡು ಒಂದು ಮಿಲಿಮೀಟರಿಗೆ ಇಡೀ ಟೆಸ್ಟ್ ಕುಗ್ಗಿಸ್ಕೊಳ್ತಾರೆ. 16 ಮಿಮೀ ತಗೊಳ್ಳಿ: 300×150ರದ್ದು ಜೋಡಿ 11.3 ಕೆಜಿ. 10 ಮಿಮೀ ಜೋಡಿ 7 ಕೆಜಿ. ನಾಲ್ಕು ಕೆಜಿ ವ್ಯತ್ಯಾಸಕ್ಕೆ ಜೀವಮಾನದ ರೇಂಜು.

6013 ರಾಡಲ್ಲಿ ಟೆಸ್ಟ್ ಕೊಡಿಸಬೇಡಿ. ರಾಡುಗಳ ಗುಂಪಲ್ಲಿ ಅದು ಎಫ್-2, ಲೋ-ಹೈಡ್ರೋಜನ್ ರಾಡು 7018 ಎಫ್-4. ಕೆಳಗಿನ ಗುಂಪು ಪಾಸಾದ್ರೆ ಮೇಲಿನದು ಬರಲ್ಲ. ಬ್ಯಾಕಿಂಗ್ (ಗ್ಯಾಪಿನ ಹಿಂದೆ ಆಧಾರ) ಇಲ್ಲದೆ 7018ರಲ್ಲಿ ಓಪನ್ ರೂಟ್ ಕೊಟ್ರೆ ಎಫ್-4 ಬ್ಯಾಕಿಂಗ್ ಇದ್ದೂ ಇಲ್ದೇನೂ ಬರುತ್ತೆ, ಎಫ್-1ರಿಂದ 3ರ ತನಕದ್ದು ಬ್ಯಾಕಿಂಗ್ ಜೊತೆ ಬರುತ್ತೆ. 2.5ರ ರಾಡು, 70-80 ಆಂಪ್ಸ್, ಹೋಲ್ಡರ್ ಪಾಸಿಟಿವ್, ಕೆಳಗಿಂದ ಮೇಲಕ್ಕೆ. ಕೆಳಮುಖವಾಗಿ ಎಳೆದು ಪಾಸಾದ್ರೆ ಅದು ಬೇರೆ ಅರ್ಹತೆ, ಮೇಲ್ಮುಖದ್ದು ಬರಲ್ಲ.

ಮಾಲೂರು ಪೈಪ್‌ಲೈನ್:
ಪ್ಲೇಟ್ ಪೇಪರ್ ಹಿಡ್ಕೊಂಡು 6 ಇಂಚು ಸ್ಟೀಮ್ ಲೈನಿಗೆ ಬನ್ನಿ ನೋಡೋಣ. ಗೇಟಲ್ಲೇ ವಾಪಸ್ ಕಳಿಸ್ತಾರೆ.

ಹಿರೇಹಳ್ಳಿ ಸ್ಟ್ರಕ್ಚರ್:
ಯಾರ್ ಕೇಳಿದ್ರು ನಿಮ್ ಸ್ಟೀಮ್ ಲೈನ್? ಅಕ್ಕ ಕೇಳಿರೋದು ತುಮಕೂರಲ್ಲಿ ಕೆಲಸ.

ಕ್ಯೂಸಿ ವೇಮಗಲ್:
ಇಬ್ಬರೂ ಅರ್ಧರ್ಧ ಹೇಳ್ತಿದೀರ. ಪ್ಲೇಟಲ್ಲಿ 3ಜಿ, 4ಜಿ ಎರಡೂ ಪಾಸಾದೋರು 610 ಮಿಮೀಗಿಂತ ದೊಡ್ಡ ವ್ಯಾಸದ ಪೈಪಲ್ಲಿ ಫ್ಲಾಟ್, ವರ್ಟಿಕಲ್, ಓವರ್‌ಹೆಡ್ ಗ್ರೂವ್ (ಬೆವೆಲ್ ಸಂದಿ ತುಂಬೋ ವೆಲ್ಡು) ಮಾಡಬಹುದು. ಅದಕ್ಕಿಂತ ಸಣ್ಣ ಪೈಪಿಗೆ ಫ್ಲಾಟ್ ಮಾತ್ರ, ಅದೂ 73 ಮಿಮೀ ಮೇಲ್ಪಟ್ಟಿದ್ದಕ್ಕೆ. 2ಜಿ (ಅಡ್ಡ ಸಾಲಿನ ಟೆಸ್ಟ್) ಬಿಟ್ಟಿದ್ದಕ್ಕೆ ಹಾರಿಜಾಂಟಲ್ ಗ್ರೂವ್ ಪ್ಲೇಟಲ್ಲೂ ಬರಲ್ಲ, ಅದನ್ನ ಹಿರೇಹಳ್ಳಿಯವರು ಹೇಳಲಿಲ್ಲ. ಪೈಪಲ್ಲಿ 5ಜಿ (ಮಲಗಿಸಿದ, ತಿರುಗಿಸದ ಪೈಪು) ಒಂದೇ ಮಾಡಿದ್ರೂ ಹಾರಿಜಾಂಟಲ್ ತಪ್ಪುತ್ತೆ. 2ಜಿ ಪ್ಲಸ್ 5ಜಿ ಆದ್ರೆ 6ಜಿಗೆ ಸಮ.

ಮಾಲೂರಿನವರಿಗೆ: 6 ಇಂಚಿನ ಕೂಪನ್ ಯಾಕೆ? ವ್ಯಾಸ 73 ಮಿಮೀ ಅಥವಾ ಜಾಸ್ತಿ ಇದ್ರೆ 73 ಮತ್ತು ಮೇಲಿನದಕ್ಕೆ ಮಾತ್ರ ಅರ್ಹತೆ. 2 ಇಂಚು ಪೈಪಿನ ಹೊರವ್ಯಾಸ 60.3, ಅದರಲ್ಲಿ ಪಾಸಾದ್ರೆ 25 ಮಿಮೀಯಿಂದ ಮೇಲೆ ಪೂರ್ತಿ. 2 ಇಂಚು ಶೆಡ್ಯೂಲ್ 160 ದಪ್ಪ 8.74, ಮೀಟರಿಗೆ ಸುಮಾರು 11 ಕೆಜಿ, ಕೂಪನ್ 3.3 ಕೆಜಿ. 13 ಕೆಜಿ ಎಲ್ಲಿ, 3 ಕೆಜಿ ಎಲ್ಲಿ.

ಮಾಲೂರು ಪೈಪ್‌ಲೈನ್:
ದಪ್ಪ ಸಾಲಲ್ಲ ಸಾರ್. 6 ಇಂಚು ಶೆಡ್ಯೂಲ್ 120 ತಗೊಂಡ್ರೆ 14.27 ಮಿಮೀ, ಅನ್‌ಲಿಮಿಟೆಡ್. ಅದಕ್ಕೇ ದೊಡ್ಡ ಪೈಪು.

ಕ್ಯೂಸಿ ವೇಮಗಲ್:
ಟಿಗ್ ರೂಟ್, ರಾಡ್ ಫಿಲ್ಲಿಂಗ್ ಅಂದ್ರಿ. ಆಗ ದಪ್ಪ ಒಟ್ಟಿಗೆ ಲೆಕ್ಕ ಆಗಲ್ಲ, ಪ್ರೋಸೆಸ್ ಪ್ರಕಾರ ಬೇರೆ ಬೇರೆ. 14.27ರಲ್ಲಿ ಟಿಗ್ 4 ಮಿಮೀ ಹಾಕಿದ್ರೆ ಟಿಗ್ಗಿಗೆ 8 ಮಿಮೀ. ಉಳಿದ 10 ರಾಡಲ್ಲಿ, ಅದಕ್ಕೆ 20. ಅನ್‌ಲಿಮಿಟೆಡ್ ಎಲ್ಲಿ ಬಂತು? ಮೇಲಾಗಿ ರಾಡು ಟಿಗ್ ರೂಟ್ ಮೇಲೆ ಕೂತಿರೋದ್ರಿಂದ ಅದು ಬ್ಯಾಕಿಂಗ್ ಇರೋ ಅರ್ಹತೆ. ಬರೀ ರಾಡಲ್ಲಿ ಓಪನ್ ರೂಟ್ ಅವನು ಹಾಕೋ ಹಾಗಿಲ್ಲ. ಪೇಪರ್ ಮೇಲೆ "6ಜಿ" ಅಂತ ಒಂದು ಸಾಲು ನೋಡಿ ಖುಷಿಪಡೋರು ಕೆಳಗಿನ ಕಾಲಂ ಓದಲ್ಲ: ಪ್ರೋಸೆಸ್, ದಪ್ಪ, ವ್ಯಾಸ, ಎಫ್ ನಂಬರ್, ಬ್ಯಾಕಿಂಗ್, ಮೇಲ್ಮುಖವೋ ಕೆಳಮುಖವೋ. ಕೆಲಸ ಸಿಗೋದು ಬಿಡೋದು ಅಲ್ಲೇ ತೀರ್ಮಾನ.

ಹಿರೇಹಳ್ಳಿ ಸ್ಟ್ರಕ್ಚರ್:
ಇದನ್ನೇ ನಾನು ಹೇಳಿದ್ದು. 16 ಮಿಮೀ ಪ್ಲೇಟು, ಪೂರ್ತಿ 7018, ಓಪನ್ ರೂಟ್. ಒಂದೂ ಕಟ್ ಆಗಲ್ಲ.

ಗೌರಿಬಿದನೂರು ಮಿಗ್:
ನೀವೆಲ್ಲ ರಾಡು, ಟಿಗ್ಗು ಅಂತ ಕೂತಿದೀರ. ಕುಡುಮಲಕುಂಟೆಯಾಗ್ಲಿ ನರಸಾಪುರ ಆಗ್ಲಿ, ಫ್ಯಾಕ್ಟರಿ ಶೆಡ್ ಒಳಗೆ ದಿನಾ ಓಡೋದು ಸಿಒಟು, ಅಂದ್ರೆ ವೈರು ತಾನಾಗೇ ಬರೋ ಮಿಗ್ ವೆಲ್ಡಿಂಗ್. 1.2ರ ಇಆರ್70ಎಸ್-6 ವೈರು. ಹುಡುಗನಿಗೆ ಸಿಒಟು 3ಜಿ ಕಲಿಸಿ, ವರ್ಟಿಕಲ್ ಮೇಲ್ಮುಖಕ್ಕೆ 120-130 ಆಂಪ್ಸ್, 18-19 ವೋಲ್ಟ್. ರಾಡ್ ಬದಲಾಯಿಸೋದಿಲ್ಲ, ಸ್ಲ್ಯಾಗ್ ಹೊಡೆಯೋದಿಲ್ಲ. ನಳಿಗೆ ತುದಿಯಿಂದ ವೈರು 12-15 ಮಿಮೀ ಮೀರಬಾರದು. ಫ್ಯಾನ್ ಗಾಳಿ ಹೊಡೆದ್ರೆ ಪೋರಾಸಿಟಿ (ಬೀಡಲ್ಲಿ ಗ್ಯಾಸ್ ತೂತು) ಗ್ಯಾರಂಟಿ.

ಕ್ಯೂಸಿ ವೇಮಗಲ್:
ನೀವು ಹೇಳಿದ ಕಡಿಮೆ ವೋಲ್ಟಲ್ಲಿ ಓಡೋದು ಶಾರ್ಟ್ ಸರ್ಕ್ಯೂಟ್ ಮೋಡ್ (ವೈರು ಉಕ್ಕಿಗೆ ಮುಟ್ಟಿ ಮುಟ್ಟಿ ಕರಗೋದು). ಅದರಲ್ಲಿ ಕೊಟ್ಟ ಟೆಸ್ಟನ್ನ ಎಕ್ಸ್‌ರೇಲಿ ಪಾಸ್ ಮಾಡೋ ಹಾಗಿಲ್ಲ, ಬೆಂಡೇ (ತುಂಡು ಕತ್ತರಿಸಿ ಮಡಚೋ ಟೆಸ್ಟ್) ಆಗಬೇಕು. ಕರಗಿದ ಲೋಹ ಬೆವೆಲ್ ಗೋಡೆಗೆ ಅಂಟದೆ ಮೇಲೆ ಕೂತಿದ್ರೆ ಫಿಲ್ಮಲ್ಲಿ ಕಾಣಲ್ಲ. ಬೆಂಡ್ ಮಾಡಿದ್ರೆ ಬಾಯಿ ಬಿಡುತ್ತೆ.

ಗೌರಿಬಿದನೂರು ಮಿಗ್:
ಬೆಂಡಲ್ಲೇ ಪಾಸ್ ಮಾಡ್ತೀವಿ, ಏನೀಗ?

ಕೆಜಿಎಫ್ ಮೇಷ್ಟ್ರು:
ಇಲ್ಲಿ ಯಾರೂ ರಾಡ್ ಒಣಗಿಸೋ ವಿಷಯ ಎತ್ತಲಿಲ್ಲ. ಅರ್ಧಕ್ಕರ್ಧ ಹುಡುಗರು ಫೇಲಾಗೋದು ಕೈಯಿಂದಲ್ಲ, ತೇವದ 7018ರಿಂದ. ಎಡಬ್ಲ್ಯೂಎಸ್ ಡಿ1.1 (ಸ್ಟ್ರಕ್ಚರ್ ವೆಲ್ಡಿಂಗ್ ನಿಯಮ) ಪ್ರಕಾರ 260ರಿಂದ 430 ಡಿಗ್ರಿಯಲ್ಲಿ ಕನಿಷ್ಠ 2 ಗಂಟೆ, ಆಮೇಲೆ 120 ಡಿಗ್ರಿಗಿಂತ ಕಡಿಮೆ ಆಗದ ಓವನ್ನಲ್ಲಿ ಇಟ್ಟಿರಬೇಕು. ಓವನ್ನಿಂದ ತೆಗೆದು 4 ಗಂಟೆ ಮೀರಿದ್ರೆ ಮತ್ತೆ ಒಳಗೆ, ಅದೂ ಒಂದೇ ಸಲ. ಒಂದಕ್ಕಿಂತ ಹೆಚ್ಚು ಸಲ ಮರಳಿ ಬೇಯಿಸಿದ ರಾಡು ಬಳಸಬಾರದು.

ಹಿರೇಹಳ್ಳಿ ಸ್ಟ್ರಕ್ಚರ್:
ಮೇಷ್ಟ್ರೇ, ನಮ್ ಕಡೆ ಬಿಸಿಲಲ್ಲಿ ಶೀಟ್ ಮೇಲೆ ಹರಡ್ತಾರೆ, ಏನೂ ಆಗಲ್ಲ.

ಕೆಜಿಎಫ್ ಮೇಷ್ಟ್ರು:
ಆಗುತ್ತೆ. ಏಪ್ರಿಲ್ ಬಿಸಿಲಿಗೂ ತಗಡು 100 ಡಿಗ್ರಿ ಮುಟ್ಟಲ್ಲ. ಹೊರ ತೇವ ಆರುತ್ತೆ, ಲೇಪದೊಳಗೆ ಹಿಡಿದಿರೋ ನೀರು ಹೋಗಲ್ಲ. ಅದೇ ಆರ್ಕಲ್ಲಿ ಹೈಡ್ರೋಜನ್ ಆಗಿ ಉಕ್ಕಿಗೆ ಸೇರೋದು. 6 ಮಿಮೀ ಗ್ರಿಲ್ಲಿಗೆ ಗೊತ್ತಾಗಲ್ಲ, 25 ಮಿಮೀ ಪ್ಲೇಟಲ್ಲಿ ಮಾರನೇ ದಿನ ಬೀಡ್ ಪಕ್ಕದಲ್ಲಿ ಬಿರುಕು ಬಿಡುತ್ತೆ. ಬೇಯಿಸಿದ ರಾಡಲ್ಲೂ ಶುರುವಲ್ಲಿ ತೂತು ಬೀಳುತ್ತೆ, ಅದಕ್ಕೆ ಕಾರಣ ಬೇರೆ: ತುದಿಯ ಲೇಪ ಒಡೆದಿರೋದು ಅಥವಾ ಆರ್ಕ್ ಉದ್ದ. ಕ್ರೇಟರಿಗಿಂತ (ಹಿಂದಿನ ಬೀಡ್ ನಿಂತ ಗುಂಡಿ) 10 ಮಿಮೀ ಮುಂದೆ ಹೊಡೆದು ಹಿಂದಕ್ಕೆ ಬಂದು ಅದರ ಮೇಲೇ ಸಾಗಬೇಕು. ಸಣ್ಣ ಇನ್ವರ್ಟರಲ್ಲಿ ಆರ್ಕ್ ಹತ್ತದೆ ಇದ್ದಾಗ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಆರ್ಕ್ ಹತ್ತೋ ಮುಂಚಿನ ವೋಲ್ಟು) ನೋಡಿ, 60ರ ಒಳಗಿದ್ರೆ 7018 ಅಂಟಿಕೊಳ್ತಾನೇ ಇರುತ್ತೆ. ಹಳ್ಳಿಯಲ್ಲಿ ಲೈನ್ 180 ವೋಲ್ಟಿಗೆ ಇಳಿದಾಗ, ಅದರ ಮೇಲೆ 2.5 ಸ್ಕ್ವೇರಿನ ಉದ್ದ ವೈರು ಎಳೆದಾಗ ಒಳ್ಳೆ ಮಿಷನ್ನೂ ಅದನ್ನೇ ಮಾಡುತ್ತೆ.

ತುರುವೇಕೆರೆ ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಎಡಗೈ, ಕನ್ನಡಕದ ವಿಷಯ ಯಾರಾದ್ರೂ ಹೇಳ್ತೀರಾ? ಮತ್ತೆ ಇನ್‌ಸ್ಟಿಟ್ಯೂಟ್ ಸರ್ಟಿಫಿಕೇಟ್ ಕಂಪನಿಗೆ ನಡೆಯುತ್ತಾ?

ಕೆಜಿಎಫ್ ಮೇಷ್ಟ್ರು:
ಎಡಗೈ ತೊಂದರೆ ಇಲ್ಲಮ್ಮ. 6ರಿಂದ 12ಕ್ಕೆ ಎರಡು ಕಡೆಯಿಂದಲೂ ಹತ್ತಬೇಕು, ಬಲಗೈಯವನಿಗೆ ಒಂದು ಅರ್ಧ ಕಷ್ಟ, ಇವನಿಗೆ ಇನ್ನೊಂದು. ಕನ್ನಡಕಕ್ಕೆ ಹೆಲ್ಮೆಟ್ ಒಳಗೆ ಕೂರೋ ಮ್ಯಾಗ್ನಿಫೈಯರ್ ಗ್ಲಾಸು ಸಿಗುತ್ತೆ. ಕಪ್ಪು ಗ್ಲಾಸು 2.5 ರಾಡಿಗೆ 10ನೇ ನಂಬರ್, 3.15ಕ್ಕೆ 11.

ಮಾಲೂರು ಪೈಪ್‌ಲೈನ್:
ಸರ್ಟಿಫಿಕೇಟ್ ನಡೆಯುತ್ತೆ ಅಕ್ಕ, ಒಳ್ಳೆ ಕಡೆ ತಗೊಳ್ಳಿ.

ಕ್ಯೂಸಿ ವೇಮಗಲ್:
ಹಾಗೆ ಹೇಳಿ ಜನರ ದುಡ್ಡು ಕಳೀಬೇಡಿ. ಸೆಕ್ಷನ್ 9ರಲ್ಲಿ ವೆಲ್ಡರನ್ನ ಅರ್ಹ ಅಂತ ಮಾಡೋದು ಅವನನ್ನ ಕೆಲಸಕ್ಕೆ ಇಟ್ಕೊಂಡ ಕಂಪನಿ, ತನ್ನ ಡಬ್ಲ್ಯೂಪಿಎಸ್ (ವೆಲ್ಡಿಂಗ್ ವಿಧಾನ ಬರೆದ ಪತ್ರ) ಮೇಲೆ. ಹೊಸ ಕಂಪನಿಗೆ ಹೋದ್ರೆ ಸಾಮಾನ್ಯವಾಗಿ ಗೇಟಲ್ಲಿ ಮತ್ತೆ ಟೆಸ್ಟ್. ಇನ್‌ಸ್ಟಿಟ್ಯೂಟ್ ಪೇಪರು ಆ ಟೆಸ್ಟಿಗೆ ಕೂರಿಸುತ್ತೆ, ಅಷ್ಟೇ. 6 ತಿಂಗಳು ಆ ಪ್ರೋಸೆಸ್ ಮುಟ್ಟದಿದ್ರೆ ಅರ್ಹತೆ ಬಿದ್ದು ಹೋಗುತ್ತೆ. ಬಾಯ್ಲರ್ ಕೆಲಸಕ್ಕೆ ಐಬಿಆರ್ 1950ರ (ಭಾರತದ ಬಾಯ್ಲರ್ ನಿಯಮ) ಪರೀಕ್ಷೆ ಇದರ ಹೊರಗಿನದು. ಕೋರ್ಸ್ ಆರಿಸುವಾಗ ಕೇಳಬೇಕಾದ್ದು ಒಬ್ಬೊಬ್ಬರಿಗೆ ಎಷ್ಟು ಕೂಪನ್, ಯಾವ ಪೈಪು, ಓವನ್ ಇದೆಯಾ, ಬೆಂಡ್ ಪ್ರೆಸ್ ಇದೆಯಾ. 50 ಎನ್‌ಬಿ ಸಿ ಕ್ಲಾಸ್ ನೀರಿನ ಪೈಪು (2 ಇಂಚು) ದಪ್ಪ 4.5 ಮಿಮೀ, ಅದರಲ್ಲೇ ಕೋರ್ಸ್ ಪೂರ್ತಿ ತೀಡಿಸೋ ಕಡೆ ಹೋದ್ರೆ ಶೆಡ್ಯೂಲ್ 160 ಕೊಟ್ಟಾಗ ಫಿಲ್ಲಿಂಗಲ್ಲೇ ಕೈ ಸೋಲುತ್ತೆ.

ಮಾಲೂರು ಪೈಪ್‌ಲೈನ್:
ನಮ್ ಪೇಪರ್ ಬರೀ ಕಾಗದ ಅಂತೀರಾ? ದುಡ್ಡು ಸುರಿದೋರ್ ಹೊಟ್ಟೆ ಉರಿಯುತ್ತೆ ಸಾರ್ ಇದನ್ನ ಕೇಳಿದ್ರೆ.

ಕ್ಯೂಸಿ ವೇಮಗಲ್:
ಕೈ ನಿಮ್ಮದು, ಅದನ್ನ ಯಾರೂ ಕಿತ್ಕೊಳ್ಳಲ್ಲ. ಪೇಪರ್ ಕಂಪನಿದು.

ಹಿರೇಹಳ್ಳಿ ಸ್ಟ್ರಕ್ಚರ್:
ಫೇಲಾದ್ರೆ ಖರ್ಚು ಯಾರದು ಅಂತಾನೂ ಹೇಳಿ. ತಕ್ಷಣ ಮರುಟೆಸ್ಟ್ ಅಂದ್ರೆ ಫೇಲಾದ ಪೊಸಿಷನ್ನಿಗೆ ಎರಡು ಕೂಪನ್, ಎರಡೂ ಪಾಸಾಗಬೇಕು. 6 ಇಂಚಲ್ಲಿ ಅದು 26 ಕೆಜಿ ಪೈಪು. ಒಳ್ಳೆ ಬೀಡ್ ಹಾಕಿದ ಹುಡುಗರು ಬೆಂಡಲ್ಲಿ ಹೋಗಿರೋದು ಎಷ್ಟೋ. ಅದೃಷ್ಟದ ಆಟ ಅದು.

ಕೆಜಿಎಫ್ ಮೇಷ್ಟ್ರು:
ಅದೃಷ್ಟ ಅಲ್ಲ, ಬೆಂಡಿಗೆ ಕತ್ತರಿಸೋ ಉಕ್ಕಿನ ಪಟ್ಟಿಯ ತಯಾರಿ. 6ಜಿಗೆ ನಾಲ್ಕು ಪಟ್ಟಿ: 10 ಮಿಮೀ ಒಳಗಿದ್ರೆ ಎರಡು ಫೇಸ್ (ಕ್ಯಾಪ್ ಹೊರಗೆ ಬರೋ ಹಾಗೆ ಮಡಚೋದು) ಎರಡು ರೂಟ್ (ರೂಟ್ ಹೊರಗೆ), ದಪ್ಪ ಇದ್ರೆ ನಾಲ್ಕೂ ಸೈಡ್ (ಪಕ್ಕ ಹೊರಗೆ). ರೂಟ್, ಕ್ಯಾಪ್ ಎರಡೂ ಉಕ್ಕಿನ ಮಟ್ಟಕ್ಕೆ ಗ್ರೈಂಡ್ ಮಾಡಬೇಕು, ಕೊನೆಯ ಗೀರುಗಳು ಪಟ್ಟಿಯ ಉದ್ದಕ್ಕೇ ಇರಬೇಕು. ಅಡ್ಡ ಗೀರು ಬಿಟ್ರೆ ಮಡಚುವಾಗ ಬಿರುಕು ಅಲ್ಲಿಂದಲೇ ಶುರು. ಅಂಚು 3 ಮಿಮೀ ಮೀರದ ಹಾಗೆ ದುಂಡಗೆ ಮಾಡಿ. ಗ್ರೈಂಡ್ ಮಾಡಿ ಕೆಂಪಗಿರೋವಾಗ ನೀರಲ್ಲಿ ಅದ್ದಬೇಡಿ, ತಾನಾಗೇ ಆರಲಿ. ಮಡಚಿದ ಮೇಲೆ ಉಬ್ಬಿದ ಕಡೆ ಯಾವ ದಿಕ್ಕಲ್ಲೇ ಅಳೆದ್ರೂ 3 ಮಿಮೀ ಮೀರಿದ ತೆರೆದ ಬಾಯಿ ಇರಬಾರದು. ಮೂಲೆಯಿಂದ ಹೊರಟ ಬಿರುಕನ್ನ ಲೆಕ್ಕಕ್ಕೆ ಹಿಡಿಯಲ್ಲ, ಒಳಗೆ ಸ್ಲ್ಯಾಗೋ ಅಂಟದ ಜಾಗವೋ ಕಂಡ್ರೆ ಹಿಡೀತಾರೆ. ಅಕ್ಕ, ತಮ್ಮನಿಗೆ ಈಗಲೇ ಗ್ರಿಲ್ ಅಂಗಡೀಲಿ ಎರಡು ಚೂರು 10 ಮಿಮೀ ಪ್ಲೇಟ್ ಜೋಡಿಸಿ ನಿಲ್ಲಿಸಿ 3ಜಿ ಹಾಕೋಕೆ ಹೇಳಿ, ಪಟ್ಟಿ ಕತ್ತರಿಸಿ ವೈಸಲ್ಲಿ ಮಡಚಲಿ. ರೂಟ್ ಬಾಯಿ ಬಿಟ್ರೆ ಕೋರ್ಸಿಗೆ ಕಟ್ಟೋ ದುಡ್ಡು ಇನ್ನೂ ನಿಮ್ಮ ಹತ್ರಾನೇ ಇರುತ್ತೆ.