ಬಜ್ಜಿಗೆ ಹೆಗ್ಗಣದ ಬಿಲವೇ ಬೇಕಂತೆ, ಏನು ಮಾಡಲಿ?

ಬಜ್ಜಿ ಅಪ್ಪ, ಜೆ.ಪಿ. ನಗರ:

ನಮ್ಮ ಬಜ್ಜಿ ಜ್ಯಾಕ್ ರಸೆಲ್ ಟೆರಿಯರ್, ಹನ್ನೊಂದು ತಿಂಗಳು. ಮನೆ ಪಕ್ಕ ಒಂದು ಖಾಲಿ ಸೈಟ್ ಇದೆ. ಕಾಂಗ್ರೆಸ್ ಗಿಡ, ಒಡೆದ ಟೈಲ್ಸ್, ಹೆಗ್ಗಣ, ಎಲ್ಲಾ ಇದೆ. ಹೋದ ಭಾನುವಾರ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ಕೈಯಿಂದ ಬೆಲ್ಟ್ ಕಿತ್ತುಕೊಂಡು ಓಡಿದಳು. ನಾನು ಹೋಗಿ ನೋಡುವಷ್ಟರಲ್ಲಿ ಬಿಲದ ಹೊರಗೆ ಕಾಣುತ್ತಿದ್ದದ್ದು ಬಾಲ ಮತ್ತು ಹಿಂದಿನ ಎರಡು ಕಾಲು ಮಾತ್ರ. ಡ್ರಮ್ಮಿನೊಳಗೆ ಕೂತು ಯಾರೋ ಕೂಗಿದ ಹಾಗೆ ಬೊಗಳುವ ಸದ್ದು. ಹೆಸರು ಹಿಡಿದು ಕರೆದರೆ ಕೇಳಿಸುವುದೇ ಇಲ್ಲ, ಬಿಸ್ಕತ್ತು ತೋರಿಸೋಣ ಅಂದ್ರೆ ಮುಖವೇ ಒಳಗಿದೆ! ಕೊನೆಗೆ ಸೊಂಟ ಹಿಡಿದು ಎಳೆದು ತೆಗೆದೆ. ಮೂಗಿನ ತುಂಬ ಮಣ್ಣು, ಕಣ್ಣು ಕೆಂಪು, ಆದರೆ ಅಷ್ಟು ಖುಷಿಯಾಗಿ ಅವಳನ್ನು ನಾನು ಯಾವತ್ತೂ ನೋಡಿರಲಿಲ್ಲ.

ಅಮೆರಿಕದಲ್ಲಿ ಇಂಥ ನಾಯಿಗಳಿಗೆ ನೆಲದಡಿ ಸುರಂಗ ಮಾಡಿ ಅರ್ತ್‌ಡಾಗ್ ಅಂತ ಪರೀಕ್ಷೆ ನಡೆಸುತ್ತಾರಂತೆ. ಯಾರಾದರೂ ನೋಡಿದ್ದೀರಾ? ಬೆಂಗಳೂರಿನಲ್ಲಿ ಆ ಥರ ಏನಾದರೂ ಮಾಡಬಹುದಾ? ಅಥವಾ ಬಿಲಕ್ಕೇ ಬಿಟ್ಟುಬಿಡಲಾ?

ಉದ್ದನಾಯಿ ಅಕ್ಕ:

ನೋಡಿದ್ದೇನೆ. ಅಲ್ಲಿದ್ದಾಗ ನಮ್ಮ ಡ್ಯಾಶ್‌ಹೌಂಡನ್ನು ಎರಡು ಸಲ ಕರೆದುಕೊಂಡು ಹೋಗಿದ್ದೆ. ಅದೂ ಬಿಲದ ನಾಯಿಯೇ. ಜರ್ಮನ್ ಭಾಷೆಯಲ್ಲಿ ಡಾಕ್ಸ್ ಅಂದರೆ ಬ್ಯಾಜರ್, ನೆಲ ತೋಡಿಕೊಂಡು ಇರುವ ಪ್ರಾಣಿ. ಟೆರಿಯರ್ ಅನ್ನುವ ಹೆಸರಿನಲ್ಲೂ ಲ್ಯಾಟಿನ್ನಿನ ಟೆರ್ರಾ ಇದೆ, ಅಂದರೆ ಮಣ್ಣು. ನಿಮ್ಮ ಬಜ್ಜಿ ತನ್ನ ಹೆಸರಿಗೆ ತಕ್ಕ ಹಾಗೆ ನಡೆದುಕೊಂಡಿದ್ದಾಳೆ, ಅಷ್ಟೇ.

1971ರಲ್ಲಿ ಅಮೆರಿಕನ್ ವರ್ಕಿಂಗ್ ಟೆರಿಯರ್ ಅಸೋಸಿಯೇಷನ್ ಈ ಸುರಂಗದ ಪರೀಕ್ಷೆ ಶುರು ಮಾಡಿತು, 1994ರಿಂದ ಅಮೆರಿಕನ್ ಕೆನಲ್ ಕ್ಲಬ್ ಕೂಡ ನಡೆಸುತ್ತಿದೆ. ಸುರಂಗ ಮರದ್ದು, ಒಳಗೆ 9 ಇಂಚು ಅಗಲ, 9 ಇಂಚು ಎತ್ತರ, ಕೆಳಗೆ ಬರೀ ಮಣ್ಣು. ಹೊಸ ನಾಯಿಗೆ 10 ಅಡಿ, ಒಂದೇ ತಿರುವು. ಮುಂದಿನ ಹಂತ ಜೂನಿಯರ್, ಅದರಲ್ಲಿ 30 ಅಡಿ, ಮೂರು ತಿರುವು, ಒಳಗೆ ಪೂರ್ತಿ ಕತ್ತಲೆ. ತುದಿಯಲ್ಲಿ ಪಂಜರದೊಳಗೆ ಇಲಿ, ಅದರ ಮುಂದೆ ಕಂಬಿ. ನಾಯಿ ಅದನ್ನು ಮುಟ್ಟಲು ಆಗುವುದಿಲ್ಲ. ಕೊಲ್ಲುವ ಮಾತೇ ಇಲ್ಲ. ಅಲ್ಲೇ ನಿಂತು ಬೊಗಳಬೇಕು, ಕೆರೆಯಬೇಕು. ಹೊಸಬರಾದರೆ 30 ಸೆಕೆಂಡ್, ಜೂನಿಯರ್ ಆದರೆ 60.

ನಮ್ಮವನು ಮೊದಲ ಸಲ ಒಳಗೆ ಹೋದ, ವಾಪಸ್ ಬಂದ, ನನ್ನ ಮುಖ ನೋಡಿದ, ಮತ್ತೆ ಹೋದ. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಆಮೇಲೆ ಕಾಲ ಕೆಳಗಿನ ನೆಲವೇ ಬೊಗಳಲು ಶುರು ಮಾಡಿತು. ಮುಗಿದ ಮೇಲೆ ಮುಚ್ಚಳ ತೆಗೆದು ನೋಡಿದರೆ ಇಲಿ ತನ್ನ ಪಾಡಿಗೆ ಏನೋ ಮೆಲ್ಲುತ್ತಾ ಕೂತಿತ್ತು! ಅವಕ್ಕೆ ಈ ಗಲಾಟೆ ಅಭ್ಯಾಸ ಆಗಿಹೋಗಿರುತ್ತೆ.

ಕಷ್ಟ ಇರುವುದು ಅದರ ಮೇಲಿನ ಸೀನಿಯರ್ ಹಂತದಲ್ಲಿ. ಅಲ್ಲಿ ನೀವು ಕರೆದರೆ ನಾಯಿ 90 ಸೆಕೆಂಡಿನೊಳಗೆ ಹೊರಗೆ ಬರಬೇಕು. ಒಳಗೆ ನುಗ್ಗುವುದನ್ನು ಯಾರೂ ಕಲಿಸಬೇಕಿಲ್ಲ. ಹೊರಗೆ ಬರುವುದನ್ನು ಮಾತ್ರ ನಾವೇ ಕಲಿಸಬೇಕು, ನಿಮಗೆ ಭಾನುವಾರ ಕೈಕೊಟ್ಟಿದ್ದೂ ಅದೇ ಅಲ್ವಾ?

ಸುಮ್ನೆ ಬಂದೆ:

ಇದಕ್ಕೆಲ್ಲ ಇಷ್ಟು ಯಾಕೆ ಗುರು. ಮನೇಲಿ ಬೋನಿಗೆ ಬಿದ್ದ ಇಲೀನ ಬೋನಿನ ಸಮೇತ ಒಂದು ದಪ್ಪ ಪೈಪಿನ ತುದೀಲಿ ಇಡಿ, ಮುಗೀತು. ನಮ್ಮೂರಲ್ಲಿ ನಾಯಿಗಳು ದಿನಾ ಹೆಗ್ಗಣ ಹಿಡಿಯುತ್ತವೆ, ಯಾರೂ ಮಾರ್ಕ್ಸ್ ಕೊಡಲ್ಲ.

ಹೆಬ್ಬಾಳ ಕಡೆಯ ಪಶುವೈದ್ಯೆ:

ದಯವಿಟ್ಟು ಬೇಡ. ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದಕ್ಕೆ ಬೇಟೆಯಾಗಿ ಇಟ್ಟು ಮನರಂಜನೆ ಮಾಡುವುದು, ಒಂದರ ಮೇಲೆ ಒಂದನ್ನು ಛೂ ಬಿಡುವುದು, ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಅಲ್ಲಿ ನಡೆಯುತ್ತದೆ ಅಂತ ಇಲ್ಲಿ ಜೀವಂತ ಇಲಿ ಇಡಬೇಡಿ.

ಬಿಲಕ್ಕೆ ಬಿಡುವುದಂತೂ ಇನ್ನೂ ಕೆಟ್ಟದ್ದು. ಇಲಿ, ಹೆಗ್ಗಣದ ಉಚ್ಚೆಯಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ಕಿಡ್ನಿ, ಲಿವರ್ ಎರಡನ್ನೂ ಹಾಳು ಮಾಡುತ್ತದೆ, ನಾಯಿಯಿಂದ ನಿಮಗೂ ಹರಡಬಹುದು. ಇದಕ್ಕೆ ಲಸಿಕೆ ಇದೆ, ಪ್ರತಿ ವರ್ಷ ಹಾಕಿಸಬೇಕು. ಕಾರ್ಡ್ ತೆಗೆದು ನೋಡಿ. ಇನ್ನು ಹಾವು. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾದ ಹಾಗೆ ಹೆಗ್ಗಣದ ಬಿಲವೂ ಆಗುತ್ತದೆ, ಮತ್ತೆ ಬಿಲದಲ್ಲಿ ಮೊದಲು ಮುಂದೆ ಹೋಗುವುದು ನಾಯಿಯ ಮೂಗು.

ನನಗೆ ಜಾಸ್ತಿ ಭಯ ಇರುವುದು ಪಾಷಾಣದ್ದು. ಪಕ್ಕದ ಮನೆಯವರು ಯಾರಾದರೂ ಬ್ರೊಮಾಡಿಯೋಲೋನ್ ಅನ್ನುವ ಇಲಿ ಪಾಷಾಣದ ಕೇಕ್ ಇಟ್ಟಿದ್ದರೆ, ನಾಯಿ ಅದನ್ನು ತಿಂದ ದಿನ ಏನೂ ಗೊತ್ತಾಗುವುದಿಲ್ಲ. ಆಟ ಆಡಿಕೊಂಡೇ ಇರುತ್ತದೆ. ಮೂರ್ನಾಲ್ಕು ದಿನ ಆದ ಮೇಲೆ ಒಸಡು ಬೆಳ್ಳಗಾಗುತ್ತದೆ, ಮಂಕಾಗುತ್ತದೆ, ಒಳಗೆ ರಕ್ತ ಸೋರುತ್ತಿರುತ್ತದೆ. ಬೇಗ ಬಂದರೆ ವಿಟಮಿನ್ ಕೆ1 ಕೊಟ್ಟು ಉಳಿಸಿಕೊಳ್ಳಬಹುದು. ವಿಷದ ಪ್ಯಾಕೆಟ್ ಸಿಕ್ಕಿದರೆ ಜೊತೆಗೇ ತನ್ನಿ.

ಯಲಹಂಕ ಸುರಂಗ:

ಬಜ್ಜಿ ಅಪ್ಪ, ನಾನು ಮನೆ ಹಿಂದೆ ಒಂದು ಮಾಡಿದ್ದೇನೆ, ಇಲಿ ಇಲ್ಲದ್ದು. 12 ಎಂಎಂ ಪ್ಲೈವುಡ್ ಒಂದೂವರೆ ಶೀಟ್ ಆಯ್ತು, 10 ಅಡಿ, ಒಂದು ತಿರುವು. ಹೂಳಲಿಲ್ಲ. ನೆಲದ ಮೇಲೇ ಇಟ್ಟು ಮೇಲೆ ಗೋಣಿಚೀಲ ಹೊದಿಸಿದ್ದೇನೆ. ಮುಚ್ಚಳಕ್ಕೆ ಮೊಳೆ ಮಾತ್ರ ಹೊಡೆಯಬೇಡಿ, ಸುಮ್ನೆ ಕೂರಿಸಿ. ಎರಡನೇ ದಿನವೇ ನಮ್ಮವನು ತಿರುವಿನಲ್ಲಿ ಹಿಂದೆ ಬರಲು ಗೊತ್ತಾಗದೆ ಕುಂಯ್ ಅಂದ, ಮುಚ್ಚಳ ಎತ್ತಿ ತೆಗೆದೆ. ಮೊಳೆ ಹೊಡೆದಿದ್ದರೆ? ಪೈಪ್ ಬೇಡವೇ ಬೇಡ, ಕಾಲು ಜಾರುತ್ತೆ, ಬಿಸಿಲಿಗೆ ಓವನ್ ಆಗುತ್ತೆ.

ತುದಿಯಲ್ಲಿ ಏನಿಡುತ್ತೇನೆ ಅಂದರೆ, ಪರಿಚಯದವರ ಮನೆಯ ಹ್ಯಾಮ್ಸ್ಟರ್ ಪಂಜರದ ಮರದ ಹೊಟ್ಟನ್ನು ತೂತು ಕೊರೆದ ಡಬ್ಬಿಯಲ್ಲಿ ತುಂಬಿ ಇಡುತ್ತೇನೆ. ಆ ವಾಸನೆಗೇ ಹುಚ್ಚು ಹಿಡಿದವನ ಹಾಗೆ ಬೊಗಳುತ್ತಾನೆ. ಬೊಗಳುವಾಗ ನಾನು ಸುರಂಗದ ಬಾಯಿ ಹತ್ತಿರ ಒಂದು ಸಲ ವಿಸಿಲ್ ಊದಿ ಬೇಯಿಸಿದ ಲಿವರ್ ಹಿಡಿಯುತ್ತೇನೆ, ಬಂದರೆ ತಿನಿಸಿ ಮತ್ತೆ ಒಳಗೆ ಬಿಡುತ್ತೇನೆ. ಈ ಮತ್ತೆ ಬಿಡುವುದು ಮುಖ್ಯ. ಹೊರಗೆ ಬಂದರೆ ಆಟ ಮುಗಿಯುತ್ತೆ ಅಂತ ಗೊತ್ತಾದರೆ ಯಾವ ನಾಯಿ ಬರುತ್ತೆ ಹೇಳಿ? ಮೊದಲ ವಾರ ಮುಚ್ಚಳವೇ ಇಲ್ಲದ ನಾಲ್ಕು ಅಡಿ ನೇರ ದಾರಿ ಸಾಕು. ವಿಸಿಲ್ಲಿಗೆ ಬರೋಕೆ ನಮ್ಮವನಿಗೆ ಆರು ವಾರ ಹಿಡಿಯಿತು.

ಬಜ್ಜಿ ಅಪ್ಪ, ಜೆ.ಪಿ. ನಗರ:

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ್ ಮೇಡಂ, ಕಾರ್ಡ್ ನೋಡಿದೆ, ಬೂಸ್ಟರ್ ಮುಂದಿನ ತಿಂಗಳು ಇದೆ. ಸೈಟಿನ ಸುತ್ತ ಮೂರು ಮನೆಯವರನ್ನು ಕೇಳಿದೆ. ಒಬ್ಬರು ಕೇಕ್ ಇಟ್ಟಿದ್ದಾರೆ! ಬಜ್ಜಿ ತಿಂದ ಹಾಗಿಲ್ಲ, ಆದರೂ ಇವತ್ತು ಸಂಜೆಯೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಮ್ಮ ಹಳೇ ಮಂಚದ ಹಲಗೆ ಕೊಡುತ್ತೇನೆ ಅಂದಿದ್ದಾರೆ. ಯಲಹಂಕ ಸರ್, ಹಲಗೆ ಕೊಯ್ಯಿಸುವ ಮುಂಚೆ ಒಂದು ಶನಿವಾರ ಬೆಳಿಗ್ಗೆ ಬಂದು ನಿಮ್ಮ ಸುರಂಗ ನೋಡಬಹುದಾ? ಬಜ್ಜಿಯನ್ನು ಕರೆತರಲೋ ಬೇಡವೋ ಹೇಳಿ.