ಬೆಂಗಳೂರಿನಲ್ಲಿ ಹಾಡುವ ರೇಡಿಯೋ ಮೈಸೂರಿಗೆ ಹೋದರೆ ಕರಕರ: ಕ್ಯಾಂಪರ್ ಟ್ರೇಲರ್ ಸ್ಟೀರಿಯೋ, ಜೊತೆಗೆ ಬ್ಯಾಟರಿಯೂ ಖಾಲಿ

ಗಾಡಿಮನೆ:

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ.

ನಮ್ಮದು ಬೊಲೆರೋ ಹಿಂದೆ ಎಳೆಯುವ 12 ಅಡಿಯ ಕ್ಯಾಂಪರ್ ಟ್ರೇಲರ್. ಪೀಣ್ಯದ ಒಂದು ಶೆಡ್ಡಿನಲ್ಲಿ ಎದುರಿಗೆ ನಿಂತು ಕಟ್ಟಿಸಿದ್ದು. ಮೈಯೆಲ್ಲ ಫೈಬರ್, ಒಳಗೆ ಪ್ಲೈವುಡ್. 12 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಟಾಪಿನ ಮೇಲೆ 150 ವಾಟಿನ ಸೋಲಾರ್. ಹೋದ ಡಿಸೆಂಬರಿನಲ್ಲಿ ಡಲ್ಲಾಸ್‌ನಿಂದ ಭಾವ ಬರುವಾಗ ಒಂದು ಸ್ಟೀರಿಯೋ ಸೂಟ್‌ಕೇಸಿಗೆ ತುರುಕಿಕೊಂಡು ಬಂದರು. ಅಲ್ಲಿನ ಕ್ಯಾಂಪರ್‌ಗಳಲ್ಲಿ ಗೋಡೆಗೆ ಕೂರಿಸುತ್ತಾರಲ್ಲ, ಅಂಥದ್ದು. ಎಫ್‌ಎಂ, ಎಎಂ, ಡಿವಿಡಿ, ಬ್ಲೂಟೂತ್ ಎಲ್ಲ ಇದೆ. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಅರ್ಧ ದಿನದಲ್ಲಿ ಕೂರಿಸಿ ಕೊಟ್ಟರು.

ಈಗ ತೊಂದರೆ. ಬೆಂಗಳೂರಿನಲ್ಲಿ 91.1, 92.7, 93.5, ರೇನ್‌ಬೋ 101.3, ವಿವಿಧ ಭಾರತಿ 102.9 ಎಲ್ಲ ಗಂಟೆ ಹೊಡೆದ ಹಾಗೆ ಬರುತ್ತವೆ. ಮೈಸೂರಿಗೆ ಹೋದರೆ ಆಕಾಶವಾಣಿ 100.6 ಇಲ್ಲ. ಬರೀ ಕರಕರ, ಮಾತು ಹರಿದ ಬಟ್ಟೆ ಥರ. 1935ರಲ್ಲಿ ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ ಊರಿನಲ್ಲೇ ಆಕಾಶವಾಣಿ ಸಿಗಲ್ಲ ಅಂದರೆ ಏನು ಹೇಳೋದು! ಹಾಸನದ 102.2 ಕೂಡ ಹಾಗೇ. ಆದರೆ ಮಡಿಕೇರಿ 103.1 ಚೆನ್ನಾಗಿ ಬಂತು, ಮಂಗಳೂರು 100.3 ಕೂಡ. ಆಂಟೆನಾ ಎರಡು ಸಲ ಬದಲಾಯಿಸಿ ಆಯಿತು.

ಇನ್ನೊಂದು. ಟ್ರೇಲರ್ ಮನೆ ಪಕ್ಕದ ಶೀಟಿನ ಕೆಳಗೆ ನಿಂತಿತ್ತು, ಬಿಸಿಲು ಬೀಳಲ್ಲ. ಎಲ್ಲ ಸ್ವಿಚ್ಚೂ ಆಫ್. ಹತ್ತೇ ದಿನಕ್ಕೆ ಬ್ಯಾಟರಿ ಸತ್ತಿತ್ತು. ಹಗಲು ಹೊತ್ತು ಎಫ್‌ಎಂನಲ್ಲಿ ಸುಂಯ್ ಅಂತ ಸದ್ದು ಬೇರೆ.

ಘಾಟಿ ತಿರುವು:

ಫೈಬರ್ ಮೈ ಅಂದ್ರಲ್ಲ, ನನಗೆ ಅಲ್ಲೇ ಅನುಮಾನ. ಕಾರಿನ ಆಂಟೆನಾ ಕಡ್ಡಿ ಅನ್ನೋದು ಅರ್ಧ ಆಂಟೆನಾ ಮಾತ್ರ. ಇನ್ನರ್ಧ ಅದರ ಕೆಳಗಿರುವ ತಗಡು. ಎಫ್‌ಎಂಗೆ ಕಡ್ಡಿ ಸುಮಾರು 75 ಸೆಂಟಿಮೀಟರ್ ಇದ್ದು, ಬುಡ ಕಬ್ಬಿಣದ ಮೈಗೆ ತಾಗಿದ್ದರೆ ಚೆಂದ. ನಿಮ್ಮ ಟಾಪಿನಲ್ಲಿ ತಗಡೇ ಇಲ್ಲ, ಕಡ್ಡಿ ಗಾಳಿಯಲ್ಲಿ ನಿಂತಿದೆ.

ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಆಂಟೆನಾ ಬುಡದ ನಟ್ಟಿಗೂ ಚಾಸಿಗೂ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಹಿಡಿದು ನೋಡಿ. ಬೀಪ್ ಬರದಿದ್ದರೆ ಒಳಗಿನಿಂದ ಎರಡಡಿ ಚೌಕದ ಅಲ್ಯೂಮಿನಿಯಂ ಶೀಟ್ ಕೊಟ್ಟು, ಅದರಿಂದ ಚಾಸಿಗೆ ಒಂದು ದಪ್ಪ ವೈರ್ ಎಳೆಯಿರಿ. ಹೊಸ ಆಂಟೆನಾ ಬುಡದಲ್ಲಿ ಬೂಸ್ಟರ್ ಇದ್ದರೆ ಸ್ಟೀರಿಯೋದ ನೀಲಿ ವೈರನ್ನು ಅದಕ್ಕೆ ಕೊಡಬೇಕು. ಕರೆಂಟ್ ಇಲ್ಲದ ಬೂಸ್ಟರ್ ಸಿಗ್ನಲ್ ಜಾಸ್ತಿ ಮಾಡೋದು ಹಾಗಿರಲಿ, ಇದ್ದದ್ದನ್ನೂ ನುಂಗುತ್ತದೆ.

ಸಿಟಿ ಸವಾರ:

ಈ ಕಾಲದಲ್ಲಿ ರೇಡಿಯೋಗೆ ಇಷ್ಟು ಒದ್ದಾಟ ಯಾಕೆ? ಒಂದು ಬ್ಲೂಟೂತ್ ಸ್ಪೀಕರ್ ಇಟ್ಟುಕೊಳ್ಳಿ, ಮುಗೀತು.

ಗಾಡಿಮನೆ:

ಸವಾರರೇ, ಘಟ್ಟ ಇಳಿಯುವಾಗ ಫೋನಿಗೆ ನೆಟ್‌ವರ್ಕ್ ಇರಲ್ಲ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮನೆಯವರಿಗೆ ಬೆಳಗಿನ ಕಾಫಿ ಜೊತೆ ರೇಡಿಯೋ ಮಾತಾಡುತ್ತಿರಬೇಕು. ಏನು ಹಾಡು ಬರುತ್ತದೆ ಅಂತ ಮೊದಲೇ ಗೊತ್ತಿರಬಾರದಂತೆ.

ಘಾಟಿ ತಿರುವು ಸಾರ್, ನೀವು ಹೇಳಿದ್ದು ನಿಜ, ಬೀಪ್ ಬರಲಿಲ್ಲ. ನೀಲಿ ವೈರ್ ಸುಮ್ನೆ ನೇತಾಡುತ್ತಿತ್ತು. ಶೀಟ್ ಹಾಕಿದೆ, ಅರ್ಥ್ ಎಳೆದೆ, ನೀಲಿಯನ್ನೂ ಕೊಟ್ಟೆ. ಬಿಡದಿ ದಾಟಿದ ಮೇಲೆ ಕೈಕೊಡುತ್ತಿದ್ದ ಬೆಂಗಳೂರು ಸ್ಟೇಷನ್‌ಗಳು ಈಗ ಇನ್ನೂ ಸ್ವಲ್ಪ ದೂರ ಬರುತ್ತಿವೆ. ಆದರೆ ಮೈಸೂರಿನಲ್ಲಿ ಮಗಳ ಮನೆ ಮುಂದೆ ನಿಲ್ಲಿಸಿ ನೋಡಿದರೆ 100.6 ಹಾಗೇ ಇದೆ. ಮಗಳ ಹಳೇ ಫೋನಿನಲ್ಲಿ ಇಯರ್‌ಫೋನ್ ಚುಚ್ಚಿದರೆ ಅದೇ ಸ್ಟೇಷನ್ ಸ್ಪಷ್ಟವಾಗಿ ಬರುತ್ತದೆ. ನಮ್ಮದರಲ್ಲಿ 100.5ರಲ್ಲೂ ಕರಕರ, 100.7ರಲ್ಲೂ ಕರಕರ.

ಬೆಂಗಳೂರಿನ ಮೀಡಿಯಂ ವೇವ್ 612 ಆದರೂ ಹಾಕೋಣ ಅಂದರೆ, ಇದು 610 ಆದ ಮೇಲೆ ನೇರ 620ಕ್ಕೆ ಹಾರುತ್ತದೆ. ಅದು ಬೇರೆ ವಿಷಯ ಬಿಡಿ.

ತಂತಿ ಮಾಮ:

ರೇಡಿಯೋ ಕೇಳೋರು ಅದನ್ನು ನೋಡಿಕೊಳ್ಳಲಿ. ನಾನು ಬ್ಯಾಟರಿ ಹಿಡಿಯುತ್ತೇನೆ, ಅದು ನನ್ನ ಇಲಾಖೆ.

ಸ್ಟೀರಿಯೋ ಹಿಂದೆ ಒಂದು ಹಳದಿ ವೈರ್, ಒಂದು ಕೆಂಪು ವೈರ್ ಇರುತ್ತದೆ. ಹಳದಿ ಯಾವಾಗಲೂ ಬ್ಯಾಟರಿಗೆ. ಗಡಿಯಾರ, ಸ್ಟೇಷನ್ ನೆನಪು ಉಳಿಯೋದು ಅದರಿಂದ, ಸ್ಪೀಕರ್‌ಗೆ ಬೇಕಾದ ದೊಡ್ಡ ಕರೆಂಟ್ ಬರೋದೂ ಅದರಿಂದಲೇ. ಕೆಂಪು ಕಾರಿನಲ್ಲಿ ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ವೈರ್. ಸ್ಟೀರಿಯೋಗೆ 'ಏಳು, ಮಲಗು' ಅಂತ ಹೇಳುವುದು ಕೆಂಪಿನ ಕೆಲಸ. ಟ್ರೇಲರ್‌ನಲ್ಲಿ ಕೀ ಎಲ್ಲಿದೆ? ಹಾಗಾಗಿ ಕೂರಿಸೋರು ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿಬಿಡುತ್ತಾರೆ. ಗುಂಡಿ ಒತ್ತಿದರೆ ಡಿಸ್‌ಪ್ಲೇ ಆರುತ್ತದೆ, ಆದರೆ ಒಳಗೆ ಅರ್ಧ ಎಚ್ಚರವಾಗಿಯೇ ಇರುತ್ತದೆ. ನಿಮ್ಮದು ಇದೇ ಅಂತ ನನ್ನ ಪಂದ್ಯ.

ಅಳೆದು ನೋಡಿ. ಮೀಟರಿನ ಕೆಂಪು ಪಿನ್ನನ್ನು 10 ಆಂಪಿಯರ್ ತೂತಿಗೆ ಹಾಕಿ, ಸಣ್ಣ ತೂತಿಗೆ ಹಾಕಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿ, ಬಿಚ್ಚಿದ ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ ಮೀಟರ್ ಹಿಡಿಯಿರಿ. ಎಲ್ಲ ಆಫ್ ಇರಲಿ, ಸೋಲಾರ್ ಕೂಡ ಕಳಚಿರಲಿ. ಆಗ ಪಂಪನ್ನೋ ಫ್ರಿಜ್ಜನ್ನೋ ಹಾಕಬೇಡಿ. ಏನು ತೋರಿಸುತ್ತದೆ ಬರೆಯಿರಿ.

ಗಾಡಿಮನೆ:

ಮಾಮ, ಪಂದ್ಯ ನೀವೇ ಗೆದ್ದಿರಿ. ಸ್ಟೀರಿಯೋ ಎಳೆದು ನೋಡಿದರೆ ಹಳದಿ, ಕೆಂಪು ಜಡೆ ಹೆಣೆದ ಹಾಗೆ ಸುತ್ತಿಕೊಂಡಿವೆ, ಮೇಲೆ ಕಪ್ಪು ಟೇಪು, ಬಿಸಿಗೆ ಅಂಟು ಕರಗಿ ಕೈಗೆಲ್ಲ ಮೆತ್ತಿತು. ಫ್ಯೂಸ್ ಅಂತೂ ಎಲ್ಲೂ ಇಲ್ಲ. ಮೀಟರ್ 0.31 ಆಂಪಿಯರ್ ತೋರಿಸಿತು. ಜಡೆ ಬಿಚ್ಚಿ, ಕೆಂಪನ್ನು ಹೊರಗೆ ಬಿಟ್ಟ ಕೂಡಲೇ 0.01ಕ್ಕೆ ಬಿತ್ತು.

ತಂತಿ ಮಾಮ:

ಲೆಕ್ಕ ಹಾಕಿ. 0.31 ಆಂಪಿಯರ್ ಅಂದರೆ 24 ಗಂಟೆ ಹರಿದು ದಿನಕ್ಕೆ 7 ಎಎಚ್‌ಗಿಂತ ಜಾಸ್ತಿ. ಹತ್ತು ದಿನಕ್ಕೆ 74. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅನ್ನುತ್ತಾರೆ, ನಿಮ್ಮದು ಅದನ್ನೂ ದಾಟಿ ಹೋಗಿದೆ. 0.01 ಆದರೆ ತಿಂಗಳಿಗೆ 7 ಎಎಚ್, ಅದು ಪರವಾಗಿಲ್ಲ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಒಂದು ಸಲ ಚೆಕ್ ಮಾಡಿಸಿ, ಏಟು ಬಿದ್ದಿರಬಹುದು.

ಈಗ ಹಳದಿಯನ್ನು 10 ಆಂಪಿಯರ್ ಫ್ಯೂಸ್ ಮೂಲಕ ಬ್ಯಾಟರಿಗೆ ಕೊಡಿ. ಫ್ಯೂಸ್ ಬ್ಯಾಟರಿ ಹತ್ತಿರ ಇರಬೇಕು, ಸ್ಟೀರಿಯೋ ಹತ್ತಿರ ಅಲ್ಲ. ದಾರಿಯಲ್ಲಿ ವೈರ್ ಉಜ್ಜಿ ಚಾಸಿಗೆ ತಾಗಿದರೆ ಕಾಯಬೇಕಾದ್ದು ಅದೇ. ಕೆಂಪಿಗೆ ಬಾಗಿಲ ಪಕ್ಕ ಒಂದು ಸಣ್ಣ ಸ್ವಿಚ್ ಹಾಕಿ. ಹೊರಡುವಾಗ ಲೈಟ್ ಆರಿಸೋ ಕೈಯಲ್ಲೇ ಅದನ್ನೂ ಆರಿಸಬಹುದು. ಫ್ಯೂಸ್ ಇಲ್ಲದೆ ಪ್ಲೈವುಡ್ ಗೂಡಿನಲ್ಲಿ ಮಲಗಿದ್ದೀರಿ ಇಷ್ಟು ದಿನ, ನನಗೆ ಅದೇ ಭಯ.

ಹಳೇ ವಾಲ್ವು:

ತಡವಾಗಿ ಬಂದೆ, ಕ್ಷಮಿಸಿ. ನಾನು ಧಾರವಾಡದವನು, ರೇಡಿಯೋ ರಿಪೇರಿ ಅಂಗಡಿಯಲ್ಲೇ ಕೂದಲು ಹಣ್ಣಾಗಿದ್ದು. ಗಾಡಿಮನೆಯವರೇ, 'ಬೇರೆ ವಿಷಯ ಬಿಡಿ' ಅಂತ ಬಿಟ್ಟಿರಲ್ಲ, ಅದೇ ವಿಷಯ ನೋಡ್ರಿ.

ನೀವು ಬರೆದ ಸ್ಟೇಷನ್‌ಗಳನ್ನು ಇನ್ನೊಂದು ಸಲ ಓದಿ. ಬಂದವು: 91.1, 92.7, 93.5, 101.3, 102.9, 103.1, 100.3. ಬಾರದವು: 100.6, 102.2. ಬಂದವುಗಳ ಕೊನೆಯ ಅಂಕಿ ಎಲ್ಲ ಬೆಸ. ಬಾರದವು ಎರಡೂ ಸಮ.

ಅಮೆರಿಕದಲ್ಲಿ ಎಫ್‌ಎಂ ಸ್ಟೇಷನ್‌ಗಳನ್ನು 0.2 ಅಂತರದಲ್ಲಿ ಹಂಚಿದ್ದಾರೆ. 88.1, 88.3, 88.5, ಹೀಗೆ 107.9ರವರೆಗೆ. ಎಲ್ಲ ಬೆಸವೇ. ಅಲ್ಲಿಗೆ ಮಾಡಿದ ಸ್ಟೀರಿಯೋ ಸಮ ಅಂಕಿಯ ಮೇಲೆ ಕಾಲೇ ಇಡಲ್ಲ. ನಮ್ಮಲ್ಲಿ 0.1 ಅಂತರಕ್ಕೂ ಸ್ಟೇಷನ್ ಇರುತ್ತದೆ. ಮೈಸೂರು 100.6, ಹಾಸನ 102.2, ಚಿತ್ರದುರ್ಗ 102.6. ನಿಮ್ಮ ಯಂತ್ರ ಅದರ ಆಚೆ ಒಮ್ಮೆ, ಈಚೆ ಒಮ್ಮೆ ನಿಂತು ಬಾಗಿಲ ಸಂದಿಯಿಂದ ಕೇಳುತ್ತಿದೆ. ಅದಕ್ಕೇ ಎರಡೂ ಕಡೆ ಕರಕರ.

ಮೀಡಿಯಂ ವೇವ್ ಕಥೆಯೂ ಅದೇ. ಅಲ್ಲಿ 10 ಕಿಲೋಹರ್ಟ್ಸ್ ಹೆಜ್ಜೆ, ನಮ್ಮಲ್ಲಿ 9. ಬೆಂಗಳೂರು 612, ಭದ್ರಾವತಿ 675, ನಮ್ಮ ಧಾರವಾಡ 765, ಮಂಗಳೂರು 1089. ಯಾವುದನ್ನು ಬೇಕಾದರೂ 9ರಿಂದ ಭಾಗಿಸಿ, ಶೇಷ ಉಳಿಯಲ್ಲ. 10ರ ಹೆಜ್ಜೆ ಇಡುವ ಯಂತ್ರಕ್ಕೆ 612 ಬರೀ 2 ದೂರ, ಹಾಗಾಗಿ ಮುಗ್ಗಲು ದನಿಯಲ್ಲಾದರೂ ಕೇಳುತ್ತದೆ. 765 ಎರಡೂ ಕಡೆಗೂ 5 ದೂರ, ಆಸೆ ಬಿಡಿ.

ಆಂಟೆನಾ ಬದಲಾಯಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಸೆಟ್ಟಿಂಗ್‌ನಲ್ಲಿ 'ಏರಿಯಾ' ಅಥವಾ 'ರೀಜನ್' ಅಂತ ಹುಡುಕಿ. ಯುಎಸ್ಎ ಇದ್ದದ್ದನ್ನು ಏಷ್ಯಾಕ್ಕೋ ಯುರೋಪಿಗೋ ಬದಲಾಯಿಸಿ. ಮಾಮೂಲಿ ಮೆನುವಿನಲ್ಲಿ ಸಿಗದಿದ್ದರೆ ಸ್ಟೀರಿಯೋ ಆಫ್ ಇರುವಾಗ ಮೆನು ಗುಂಡಿಯನ್ನು ಒತ್ತಿ ಹಿಡಿದು ನೋಡಿ, ಕೆಲವದರಲ್ಲಿ ಅಲ್ಲಿ ಅಡಗಿಸಿರುತ್ತಾರೆ. ಬದಲಾಯಿಸಿದ ಮೇಲೆ ಗುರುತು ಹಾಕಿಟ್ಟ ಸ್ಟೇಷನ್‌ಗಳೆಲ್ಲ ಅಳಿಸಿ ಹೋಗಬಹುದು, ಗಾಬರಿ ಬೇಡ. ಈ ಆಯ್ಕೆಯೇ ಇಲ್ಲದ ಸೆಟ್ ಆಗಿದ್ದರೆ ಮಾತ್ರ ನಾನೂ ಕೈ ಮುಗಿಯುತ್ತೇನೆ.

ಘಾಟಿ ತಿರುವು:

ಎಮ್ಮೆಗೆ ಬರೆ ಹಾಕಿಸಿದ್ದು ನಾನೇ. ಒಪ್ಪಿದೆ ಸಾರ್. ಬೆಸ ಸಮ ನೋಡಬೇಕು ಅಂತ ಹೊಳೆಯಲೇ ಇಲ್ಲ.

ಗಾಡಿಮನೆ:

ವಾಲ್ವು ಸಾರ್, ಸಾಷ್ಟಾಂಗ ನಮಸ್ಕಾರ!

ಮೆನುವಿನಲ್ಲಿ ಸಿಗಲಿಲ್ಲ. ಆಫ್ ಮಾಡಿ ಗುಂಡಿ ಒತ್ತಿ ಹಿಡಿದೆ. ಮೂರು ಎಣಿಸುವಷ್ಟರಲ್ಲಿ ಬೇರೆಯದೇ ಪಟ್ಟಿ ಬಂತು. ಅದರಲ್ಲಿ ಏರಿಯಾ ಇತ್ತು, ಯುಎಸ್ಎ ಅಂತಲೇ ಇತ್ತು. ಏಷ್ಯಾ ಮಾಡಿದೆ. ಭಾನುವಾರ ಮೈಸೂರಿನಲ್ಲಿ ಮಗಳ ಮನೆ ಮುಂದೆ ಅದೇ ಜಾಗದಲ್ಲಿ ನಿಲ್ಲಿಸಿ ಗುಂಡಿ ತಿರುಗಿಸಿದೆ. 100.4, 100.5, 100.6. ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಬಂತು. ನಮ್ಮ ಮನೆಯವರು ಕಾಫಿ ಲೋಟ ಹಿಡಿದುಕೊಂಡು ಬಂದು ಟ್ರೇಲರ್‌ನಲ್ಲೇ ಕೂತರು, ಮಗಳ ಮನೆಯೊಳಗೆ ಬರಲೇ ಇಲ್ಲ.

ಮಾಮ, ಫ್ಯೂಸ್, ಸ್ವಿಚ್ ಎರಡೂ ಆಯಿತು. ಬ್ಯಾಟರಿ ಅಂಗಡಿಯವರು ಇನ್ನೊಂದು ವರ್ಷ ನೋಡಿ ಅಂದಿದ್ದಾರೆ. ಉಳಿದಿರೋದು ಹಗಲಿನ ಸುಂಯ್ ಮಾತ್ರ.

ತಂತಿ ಮಾಮ:

ಹಗಲು ಮಾತ್ರ ಅಂದ್ರೆ ಸೋಲಾರ್ ಕಂಟ್ರೋಲರ್ರೇ. ಬ್ಯಾಟರಿ ತುಂಬುತ್ತಾ ಬಂದಾಗ ಅದು ಪ್ಯಾನೆಲ್ಲನ್ನು ಸೆಕೆಂಡಿಗೆ ಎಷ್ಟೋ ಸಲ ಹಾಕಿ ತೆಗೆದು ಮಾಡುತ್ತಿರುತ್ತದೆ, ಆ ಸದ್ದು ರೇಡಿಯೋದೊಳಗೆ ನುಗ್ಗುತ್ತದೆ. ಪ್ಯಾನೆಲ್ ಮೇಲೆ ಒಂದು ಕಂಬಳಿ ಹೊದಿಸಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ಆಂಟೆನಾ ಕೇಬಲ್ಲನ್ನು ಸೋಲಾರ್ ವೈರ್ ಜೊತೆ ಕಟ್ಟಬೇಡಿ, ಬೇರೆ ದಾರಿಯಲ್ಲಿ ತನ್ನಿ. ಕಂಟ್ರೋಲರ್ ವೈರಿಗೆ ಕ್ಲಿಪ್ ಥರ ಹಾಕುವ, ಇಂಥ ಸದ್ದು ತಡೆಯುವ ಫೆರೈಟ್ ತುಂಡು ಸಿಗುತ್ತದೆ, ಎಸ್‌ಪಿ ರೋಡಿನಲ್ಲಿ ವಿಚಾರಿಸಿ. ರಾತ್ರಿಯೂ ಸದ್ದು ಬಂದರೆ ಎಲ್‌ಇಡಿ ಲೈಟುಗಳನ್ನು ಒಂದೊಂದಾಗಿ ಆರಿಸಿ ನೋಡಿ.

ಮಣ್ಣುದಾರಿ:

ಒಳ್ಳೇ ಚರ್ಚೆ. ನಾನೂ ಒಂದು ಪುಟ್ಟ ಟ್ರೇಲರ್ ಕಟ್ಟಿಸುತ್ತಿದ್ದೇನೆ. ಸ್ಟೀರಿಯೋ ಇನ್ನೂ ಕೊಳ್ಳಬೇಕು. ಯಾವ ಥರದ್ದು ತಗೊಳ್ಳಲಿ?

ತಂತಿ ಮಾಮ:

ಇಲ್ಲಿನ ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾರ್ ಸ್ಟೀರಿಯೋ ತಗೊಳ್ಳಿ. ಸಿಂಗಲ್ ಡಿನ್ ಅನ್ನುವ ಮಾಮೂಲಿ ಅಳತೆಯದ್ದು ಸಾಕು, ಕಾರ್ಪೆಂಟರ್‌ಗೆ 182ಕ್ಕೆ 53 ಮಿಲಿಮೀಟರ್ ತೂತು ಅಂತ ಹೇಳಿ. ನಾಳೆ ಕೆಟ್ಟರೆ ಅದೇ ತೂತಿಗೆ ಬೇರೆಯದು ಕೂರುತ್ತದೆ. ವಿದೇಶದ ಗೋಡೆ ಸ್ಟೀರಿಯೋಗೆ ತೂತು ಕೊರೆದರೆ ಆಮೇಲೆ ಆ ತೂತಿಗೆ ಕ್ಯಾಲೆಂಡರ್ ನೇತುಹಾಕಬೇಕು. ತಿರುಗಿಸುವ ಗುಂಡಿ ಇರಲಿ. ಡಿಸ್‌ಪ್ಲೇ ಬೆಳಕು ಕಮ್ಮಿ ಮಾಡೋಕೆ ಬರುತ್ತಾ ನೋಡಿ, ನೀವು ಅದರ ಪಕ್ಕದಲ್ಲೇ ಮಲಗೋದು. ಡಬ್ಬದ ಮೇಲೆ 50 ವಾಟ್ ಗುಣಿಲೇ 4 ಅಂತ ಬರೆದಿದ್ದರೆ ಮರುಳಾಗಬೇಡಿ, ನಿಜಕ್ಕೂ ಒಂದೊಂದು ಸ್ಪೀಕರಿಗೆ 20 ವಾಟಿನ ಆಸುಪಾಸು ಬಂದರೆ ಹೆಚ್ಚು. ಅಷ್ಟು ಚಿಕ್ಕ ಕೋಣೆಗೆ ಅದೇ ಜಾಸ್ತಿ.

ಸ್ಪೀಕರ್ ಮಾತ್ರ ನೀರಿಗೆ ಜಗ್ಗದ್ದು ಇರಲಿ. ಮಲೆನಾಡಿನ ಒಂದು ಮಳೆಗಾಲಕ್ಕೆ ಕಾಗದದ ಕೋನ್ ಹಪ್ಪಳ ಆಗುತ್ತದೆ. ಮತ್ತೆ, ಸ್ಪೀಕರಿನ ಮೈನಸ್ಸನ್ನು ಚಾಸಿಗೆ ಕೊಡಲೇಬೇಡಿ. ಎರಡೂ ವೈರ್ ಸ್ಟೀರಿಯೋವರೆಗೆ ಬರಬೇಕು. ವೈರ್ ಉಳಿಸೋಕೆ ಹೋಗಿ ಆಂಪ್ಲಿಫೈಯರ್ ಸುಟ್ಟುಕೊಂಡವರು ನನ್ನ ಹತ್ತಿರ ಬಂದಿದ್ದಾರೆ.

ಟಿವಿ ಬೇಕೇ ಬೇಕು ಅಂದರೆ 12 ವೋಲ್ಟ್ ಅಡಾಪ್ಟರಿನಲ್ಲಿ ಓಡುವಂಥದ್ದು ನೋಡಿ, ಆದರೆ ನಡುವೆ 12 ವೋಲ್ಟಿನ ಡಿಸಿ ಸ್ಟೆಬಿಲೈಸರ್ ಇರಲಿ. ಚಾರ್ಜ್ ಆಗುವಾಗ ಬ್ಯಾಟರಿ 14.4ರವರೆಗೂ ಏರುತ್ತದೆ. ಇನ್ವರ್ಟರಿನಲ್ಲಿ 230 ಮಾಡಿ, ಅಡಾಪ್ಟರಿನಲ್ಲಿ ಮತ್ತೆ 12ಕ್ಕೆ ಇಳಿಸೋದು ಬಿಂದಿಗೆ ನೀರನ್ನು ಜರಡಿಯಲ್ಲಿ ಹೊತ್ತ ಹಾಗೆ.

ಗಾಡಿಮನೆ:

ಕಂಬಳಿ ಹೊದಿಸಿದೆ, ಸುಂಯ್ ನಿಂತಿತು! ಕೇಬಲ್ ದಾರಿ ಬದಲಾಯಿಸಿದ ಮೇಲೆ ಮುಕ್ಕಾಲು ಪಾಲು ಹೋಗಿದೆ. ಉಳಿದದ್ದು ಹಾಡಿನ ನಡುವೆ ಗೊತ್ತಾಗಲ್ಲ.

ಇನ್ನೊಂದೇ ಒಂದು ಪ್ರಶ್ನೆ, ಬೈಯಬೇಡಿ. ಯಕ್ಷಗಾನದ ಡಿವಿಡಿ ಹಾಕಿದರೆ 'ರೀಜನ್ ತಪ್ಪು' ಅಂತ ಉಗುಳುತ್ತಿದೆ. ಏರಿಯಾ ಈಗ ಏಷ್ಯಾನೇ ಇದೆಯಲ್ಲ?

ಹಳೇ ವಾಲ್ವು:

ಅದು ಬೇರೆ ಬೀಗ. ರೇಡಿಯೋದ ಏರಿಯಾಕ್ಕೂ ಡಿವಿಡಿಯ ರೀಜನ್‌ಗೂ ಸಂಬಂಧ ಇಲ್ಲ. ಅಮೆರಿಕ 1, ಭಾರತ 5. ಎಲ್ಲ ರೀಜನ್‌ಗೂ ಓಡುವ ಡಿಸ್ಕ್‌ಗಳು ಇಲ್ಲಿ ಬೇಕಾದಷ್ಟಿವೆ, ನಿಮ್ಮದು ಹಾಗಿಲ್ಲ ಅಂತ ಕಾಣುತ್ತದೆ. ಮುಂದೆ ಯುಎಸ್‌ಬಿ ತೂತು ಇದ್ದರೆ ಯಕ್ಷಗಾನದ ಆಟವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ನೋಡ್ರಿ.

ಗಾಡಿಮನೆ:

ಹಾಕಿಕೊಂಡೆ, ನಿನ್ನೆ ರಾತ್ರಿ ಪೂರ್ತಿ ಆಟ ಆಯಿತು. ಡಿವಿಡಿ ಬಾಗಿಲಿನ ಮೇಲೆ ಈಗ ಕನ್ನಡಕ ಇಡುತ್ತಿದ್ದೇನೆ. ಭಾವ ಫೋನ್ ಮಾಡಿ 'ಹೇಗಿದೆ ಸ್ಟೀರಿಯೋ?' ಅಂತ ಕೇಳಿದರು. ಫಸ್ಟ್ ಕ್ಲಾಸ್ ಅಂದೆ.