ಗಾಲ್ಫ್‌ನಲ್ಲಿ ಹತ್ತಿರದ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಬಲಕ್ಕೇ ಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಕೋಲಾರದಲ್ಲಿದ್ದೇನೆ, ರಜೆ ಇದ್ದಾಗ ಕೆಜಿಎಫ್ ಕಡೆ ಗಾಲ್ಫ್ ಆಡಲು ಹೋಗುತ್ತೇನೆ. ಬಲಗೈ ಆಟಗಾರ. ದೂರದ ಪಟ್ ಚೆನ್ನಾಗೇ ಬರುತ್ತೆ. 3 ಅಡಿ ಉಳಿದಾಗ ಕೈ ಬಿಗಿಯಾಗುತ್ತೆ, ಚೆಂಡು ಕುಳಿಯ ಬಲ ಅಂಚು ಸವರಿಕೊಂಡು ಹೋಗುತ್ತೆ. ಮನೆಯಲ್ಲೇ ಅಭ್ಯಾಸ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು ಸಾರ್. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಾಗಿ ಪಟರ್ (ಪಟ್ ಮಾಡುವ ಕೋಲು) ಮುಖವೇ, ಅಂದ್ರೆ ಚೆಂಡಿಗೆ ತಗುಲುವ ಭಾಗವೇ, ತೀರ್ಮಾನಿಸುತ್ತೆ. 3 ಅಡಿಗೆ ಒಂದು ಡಿಗ್ರಿ ತಪ್ಪಿದರೆ ಚೆಂಡು ಸುಮಾರು 16 ಮಿ.ಮೀ. ಪಕ್ಕಕ್ಕೆ ಹೋಗುತ್ತೆ. ಕುಳಿಯ ಅಗಲ 108 ಮಿ.ಮೀ., ಅಂದ್ರೆ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಜಾಗ ಇದೆ.

ಪಟ್ಟೆ ಇರುವ ಜಮಖಾನ ಹಾಸಿ. ಒಂದು ಪಟ್ಟೆಯ ಮೇಲೆ ಚೆಂಡಿಡಿ. ಒಂದು ಗೇಣು ಮುಂದೆ ಎರಡು ಬೆಂಕಿಪೊಟ್ಟಣ ನಿಲ್ಲಿಸಿ, ನಡುವೆ ಚೆಂಡು ನುಸುಳುವಷ್ಟೇ ಸಂದಿ ಬಿಡಿ. ಬಲಗಡೆಯದು ಬಿದ್ದರೆ ಪಟರ್ ಮುಖ ತೆರೆದುಕೊಂಡಿದೆ, ಅಂದ್ರೆ ಬಲಕ್ಕೆ ತಿರುಗಿದೆ ಅಂತಲೇ ಲೆಕ್ಕ. ನಯವಾದ ಟೈಲ್ಸ್ ಮೇಲೆ ಬೇಡ, ವೇಗ ಗೊತ್ತಾಗಲ್ಲ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ. ತಲೆಯನ್ನೂ ನೋಡಿಕೊಳ್ಳಿ. ಚೆಂಡು ಬಿತ್ತಾ ಅಂತ ಬೇಗ ತಲೆ ಎತ್ತಿದರೆ ಭುಜವೂ ತಿರುಗುತ್ತೆ. ಬೀಳುವ ಸದ್ದು ಕೇಳುವವರೆಗೂ ಕಣ್ಣು ನೆಲದ ಮೇಲಿರಲಿ. ಹಿಡಿತ ಸಡಿಲ ಇರಲಿ, ಹಕ್ಕಿಮರಿ ಹಿಡಿದ ಹಾಗೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಪಟ್ ಮಾಡುವಾಗ ಕುಳಿಯಲ್ಲಿ ನಿಲ್ಲಿಸಿರುವ ಬಾವುಟದ ಕೋಲು ತೆಗೆಯಲೇಬೇಕಾ?

ಉತ್ತರ: ಬೇಕಿಲ್ಲ ಸಾರ್. 2019ರ ನಿಯಮದಿಂದ ಬಿಟ್ಟೇ ಆಡಬಹುದು, ತಗುಲಿದರೂ ದಂಡ ಇಲ್ಲ. ನಾನಂತೂ ಇಳಿಜಾರಿದ್ದರೆ ತೆಗೆಯೋದೇ ಇಲ್ಲ.